ದೋಣಿ ಹಲಗೆಯ ಐದನೇ ಬೆಂಚು

ಹೊಳೆಯ ದಂಡೆಯ ಮೇಲೆ ಚಿದಾನಂದಜ್ಜನ ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಮೂರು ಖೋಲಿ, ಒಂದು ಪಡಸಾಲೆ, ಒಂದು ಬೇವಿನ ಮರ. ಮರದ ಆಚೆ ಮಗುಚಿ ಹಾಕಿದ ಹಳೆಯ ದೋಣಿ.

ಆ ಮಠದಲ್ಲಿ ಕಾಳಪ್ಪನೆಂಬ ಬಡಿಗ ಮೂರು ವರ್ಷದಿಂದ ಶಿಷ್ಯನಾಗಿದ್ದ. ಅಂಗಳ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ, ಅಜ್ಜನ ಬಟ್ಟೆ ಒಗೆಯುತ್ತಿದ್ದ. ಉಳಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಸುತ್ತ ಹತ್ತು ಊರಿಗೆ ಹೆಸರಾದ ಬಡಿಗ ಮೂರು ವರ್ಷ ಉಳಿ ಮುಟ್ಟಲಿಲ್ಲವೆಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಊರವರಿಗೆ ಬರಲಿಲ್ಲ. ಕಾಳಪ್ಪನಿಗೆ ವೈರಾಗ್ಯ ಬಂದಿದೆ ಎಂದು ಕೈ ಮುಗಿದರು.

ಒಂದು ಮುಂಜಾನೆ ಅಜ್ಜ ಅವನನ್ನು ಕರೆದರು.

“ಕಾಳಪ್ಪ, ದಂಡಿ ಮ್ಯಾಲೆ ಊರವರು ತ್ವಾಟ ಮಾಡಾಕತ್ತಾರ. ನೋಡೀಯೇನು?”

“ನೋಡೀನ್ರಿ ಅಜ್ಜಾರ.”

“ಊರಿನ ಎಲ್ಲಾ ಮನಿಯವರದೂ ಅದು. ಪಾತಿ ಮಾಡಿ, ನೀರು ಹಾಕಿ ದಣಿತಾರ. ಕುಂದ್ರಾಕ ಒಂದು ಜಾಗ ಇಲ್ಲ. ಐದು ಬೆಂಚು ಮಾಡಿಕೊಡು.”

“ಕಟಿಗಿ ಎಲ್ಲಿಂದ ತರ್ಲಿ?”

ಅಜ್ಜ ಬೇವಿನ ಮರದ ಆಚೆಗೆ ನೋಡಿದರು.

“ಆ ದೋಣಿ ಒಡದೇನ್ರಿ?”

“ಸಾಗವಾನಿ ಐತಿ. ಮಳಿ ಬಿಸಿಲಿಗೆ ಜಗ್ಗಂಗಿಲ್ಲ.”

“ಬ್ಯಾಡ್ರಿ ಅಜ್ಜಾರ. ಒಂಬತ್ತು ಮಂದೀನ ನುಂಗಿದ ದೋಣಿ ಅದು. ಸುಟ್ಟು ಬಿಡೂನ್ರಿ.”

“ಸುಡೂದಿದ್ರ ಮೂರು ವರ್ಷದಾಗ ಯಾವತ್ತಾರ ಸುಡಬಹುದಿತ್ತು,” ಎಂದರು ಅಜ್ಜ. “ಪಡಸಾಲ್ಯಾಗ ಜಾಗ ಇದ್ರೂ ನೀನು ಅದರ ಮಗ್ಗಲದಾಗ ಹಾಸಿಗಿ ಹಾಸ್ತಿದ್ದಿ. ಸುಡಾಕ ಅಂತ ತಿಳಿದಿದ್ದಿಲ್ಲ ನಾನು.”



ಆ ದೋಣಿಯ ಕಥೆ ಊರಿಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಊರು ತಿಳಿದುಕೊಂಡಿತ್ತು ಎನ್ನುವುದು ಸರಿ.

ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಸಂಜೆ, ಆಚೆ ದಂಡೆಯ ಸಂತೆ ಮುಗಿಸಿಕೊಂಡು ಬರುತ್ತಿದ್ದ ದೋಣಿ ನಡುಹೊಳೆಯಲ್ಲಿ ಮುಳುಗಿತು. ಅಂಬಿಗ ದುರುಗಪ್ಪನೂ ಸೇರಿ ಒಂಬತ್ತು ಜನ ಸತ್ತರು. ದುರುಗಪ್ಪ ನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ದಂಡೆಗೆ ಎಳೆದು ತಂದ. ಐದನೆಯ ಸಲ ಹೋದವನು ತಿರುಗಿ ಬರಲಿಲ್ಲ.

ದುರುಗಪ್ಪನಿಗೆ ಸಂಜೆ ಹೊತ್ತು ಒಂದಿಷ್ಟು ಕುಡಿಯುವ ಚಟವಿತ್ತು. ಊರಿಗೆ ಅಷ್ಟು ಸಾಕಾಯಿತು. ಕುಡಿದು ಹುಟ್ಟು ಹಾಕಿದ, ಎಲ್ಲರನ್ನೂ ಮುಳುಗಿಸಿದ ಎಂದರು. ಕುಡಿದು ತೂರಾಡುವವನು ತುಂಬಿದ ಹೊಳೆಯಲ್ಲಿ ನಾಲ್ಕು ಸಲ ಈಜಿ ಬರುತ್ತಾನೆಯೇ ಎಂದು ಒಬ್ಬರೂ ಕೇಳಲಿಲ್ಲ. ಸತ್ತವನ ಮೇಲೆ ಹೊರಿಸುವುದು ಸುಲಭ. ಅವನು ಎದ್ದು ಬಂದು ಅಲ್ಲ ಎನ್ನುವುದಿಲ್ಲ.

ಅವನ ಹೆಂಡತಿ ಹುಲಿಗೆವ್ವ ಊರಲ್ಲೇ ಉಳಿದಳು. ಅವಳು ನಲ್ಲಿಯ ಹತ್ತಿರ ಬಂದರೆ ಉಳಿದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬಾ, ಕುಂದ್ರು ಎಂದು ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಕಾಳಪ್ಪನಿಗೆ ಗೊತ್ತಿದ್ದ ಕಥೆ ಬೇರೆ.

ದೋಣಿ ಮುಳುಗುವ ಎರಡು ದಿನ ಮೊದಲು ಅದು ಅವನ ಕೈಯಲ್ಲಿ ರಿಪೇರಿಯಾಗಿತ್ತು. ತಳದ ಒಂದು ಹಲಗೆ ಬದಲಾಯಿಸಬೇಕಿತ್ತು. ಹೊಸ ಹಲಗೆಯನ್ನು ತಾನೇ ಆರಿಸಿ ತಂದಿದ್ದ. ಕೂರಿಸಿ, ಮೊಳೆ ಬಡಿದ ಮೇಲೆ ನೋಡಿದ. ಹಲಗೆಯ ನಡುವೆ, ಹಿಂದೆ ಕೊಂಬೆ ಒಡೆದಿದ್ದ ಜಾಗದಲ್ಲಿ, ಒಂದು ಸತ್ತ ಗಂಟು. ಬೆರಳಿಂದ ಒತ್ತಿದರೆ ಅಲುಗುತ್ತಿತ್ತು.

ಹಲಗೆ ಬಿಚ್ಚಬೇಕಿತ್ತು. ಬಿಚ್ಚಿದ್ದರೆ, ಇಷ್ಟು ಹೆಸರು ಮಾಡಿದ ಬಡಿಗನಿಗೆ ಹಲಗೆ ಆರಿಸಲು ಬರಲಿಲ್ಲ ಎಂದು ದಂಡೆಯಲ್ಲಿ ನಿಂತ ನಾಲ್ಕು ಜನ ನಗುತ್ತಿದ್ದರು. ಕಾಳಪ್ಪ ಗಂಟಿನ ಸುತ್ತ ಹತ್ತಿ ತುರುಕಿ, ಮೇಲೆ ರಾಳ ಮೆತ್ತಿದ.

“ಅವಸರ ಇಲ್ಲಣ್ಣ, ಸಾವಕಾಶ ಮಾಡು,” ಎಂದು ದುರುಗಪ್ಪ ಹೇಳಿದ್ದ.

“ಎಲ್ಲಾ ಆತು, ತಗೊಂಡು ಹೋಗು,” ಎಂದು ಕಾಳಪ್ಪ ಹೇಳಿದ್ದ.

ನೀರು ಇಳಿದ ಮೇಲೆ ಕೆಸರಿನಲ್ಲಿ ದೋಣಿ ಸಿಕ್ಕಿತು. ಎತ್ತು ಕಟ್ಟಿ ಎಳೆದು ಮಠದ ಹಿಂದೆ ಹಾಕಿದರು. ಯಾರೂ ಅದರತ್ತ ನೋಡಲಿಲ್ಲ. ಕಾಳಪ್ಪ ನೋಡಿದ. ಗಂಟು ಇರಲಿಲ್ಲ. ಅದಿದ್ದ ಜಾಗದಲ್ಲಿ ಮುಷ್ಟಿಯಷ್ಟು ತೂತು. ಅದೇ ಸಂಜೆ ಅದಕ್ಕೆ ಕೆಸರು ಮೆತ್ತಿದ. ಮರುದಿನ ಅಜ್ಜನ ಕಾಲಿಗೆ ಬಿದ್ದು, ಶಿಷ್ಯನಾಗುತ್ತೇನೆ ಎಂದ.

ಗುರುವನ್ನು ಹುಡುಕಿಕೊಂಡು ಬಂದವನಲ್ಲ ಅವನು. ದೋಣಿಯನ್ನು ಕಾಯಲು ಬಂದವನು.

ಮರುವರ್ಷ ಸೇತುವೆಯಾಯಿತು. ದೋಣಿ ಯಾರಿಗೂ ಬೇಕಾಗಲಿಲ್ಲ. ಹೆಣಗಳನ್ನು ಸಾಲಾಗಿ ಮಲಗಿಸಿದ್ದ ದಂಡೆಯ ಜಾಗ ಹಾಳು ಬಿತ್ತು. ಮೊದಲು ಅಲ್ಲಿಗೆ ಗುದ್ದಲಿ ಹಿಡಿದು ಹೋದವರು ಅಜ್ಜ. ಆಮೇಲೆ ಒಬ್ಬೊಬ್ಬರೇ ಬಂದರು. ಮೆಂತ್ಯೆ, ಬದನೆ, ಮಲ್ಲಿಗೆ ಬಳ್ಳಿ, ಎರಡು ಹೊಂಗೆಯ ಸಸಿ. ಸತ್ತವರ ಮನೆಯವರೇ ಹೆಚ್ಚಾಗಿ ಬರುತ್ತಿದ್ದರು.

ಕಾಳಪ್ಪ ದೋಣಿ ಒಡೆಯಲು ಕೂತ.

ಮೊದಲ ದಿನ ಉಳಿ ಎರಡು ಸಲ ಜಾರಿತು. ಎರಡನೆಯ ದಿನ ಕೈಗೆ ಕಸುಬು ನೆನಪಾಯಿತು. ಪಾಪ, ಕೈಗೆ ಏನು ಗೊತ್ತು? ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದ. ಹಲಗೆಗಳನ್ನು ತೊಳೆದು ನೆರಳಲ್ಲಿ ಒಣಗಿಸಿದ. ಒಂದು ಬೆಂಚಾಯಿತು, ಎರಡಾಯಿತು.

ಪ್ರತಿ ಬೆಂಚು ಮುಗಿದಾಗಲೂ ಅಜ್ಜ ಬಂದು ಅದರ ಮೇಲೆ ಕೂರುತ್ತಿದ್ದರು. ಕಾಲು ಅಲ್ಲಾಡಿಸಿ ನೋಡುತ್ತಿದ್ದರು.

“ಚಲೋ ಆಗೈತಿ. ಇಷ್ಟು ಚಲೋ ಕಸುಬು ಬಿಟ್ಟು ನನ್ನ ಧೋತರ ಒಗ್ಯಾಕತ್ತಿದ್ದೆಲ್ಲೋ ಮಾರಾಯಾ. ಧೋತರಾನೂ ನೆಟ್ಟಗ ಒಗೀಲಿಲ್ಲ.”

ಕಾಳಪ್ಪನಿಗೆ ನಗು ಬರಲಿಲ್ಲ.

ನಾಲ್ಕು ಬೆಂಚು ಮುಗಿದವು. ಐದನೆಯದಕ್ಕೆ ಕಾಲಿದ್ದವು, ಬೆನ್ನಿಗೆ ಪಟ್ಟಿ ಇದ್ದವು. ಕೂರುವ ಹಲಗೆ ಇರಲಿಲ್ಲ.

“ಕಟಿಗಿ ತೀರಿತ್ರಿ ಅಜ್ಜಾರ. ನಾಲ್ಕು ಸಾಕಲ್ರಿ?”

“ಹುಲ್ಲಿನ ಬಣಿವಿ ಹಿಂದ ಒಂದು ಹಲಗಿ ಐತಲ್ಲ.”

ಅದನ್ನು ಅಲ್ಲಿ ಅಡಗಿಸಿಟ್ಟಿದ್ದವನು ಕಾಳಪ್ಪನೇ.

“ಅದರಾಗ ತೂತು ಐತ್ರಿ.”

“ತೂತು ಇದ್ರ ದೋಣಿ ಮುಳುಗ್ತೈತಿ,” ಎಂದರು ಅಜ್ಜ. “ಬೆಂಚು ಮುಳುಗ್ತೈತೇನು?”

ಕಾಳಪ್ಪ ಅಜ್ಜನ ಮುಖ ನೋಡಿದ. ಅಲ್ಲಿ ಸಿಟ್ಟು ಕಾಣಲಿಲ್ಲ. ಅವನಿಗೆ ತಲೆಯ ಮೇಲಿಂದ ಹೊರೆ ಇಳಿದಂತಾಯಿತು. ಅಜ್ಜನಿಗೆ ಎಲ್ಲ ಗೊತ್ತಿದೆ, ಕ್ಷಮಿಸಿಯೂ ಆಗಿದೆ, ತೂತು ಮುಚ್ಚಿದರೆ ಮುಗಿಯಿತು ಎಂದು ತಾನೇ ಅರ್ಥ ಮಾಡಿಕೊಂಡ. ನಮಗೆ ಬೇಕಾದ ಅರ್ಥ ಹೊಳೆಯಲು ಎಷ್ಟು ಹೊತ್ತು?

ಅವನು ಕೂತು ತೂತು ಮುಚ್ಚಿದ. ಅದೇ ಮರದ ತುಂಡು ಹುಡುಕಿದ. ಎಳೆಗೆ ಎಳೆ ಕೂಡುವಂತೆ ತಿರುಗಿಸಿ ತಿರುಗಿಸಿ ನೋಡಿದ. ಅಂಚು ಕೆತ್ತಿ, ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಿದ. ಕೀಸುಳಿ ಹಿಡಿದು ನುಣುಪು ಮಾಡಿದ, ಎಣ್ಣೆ ಹಚ್ಚಿದ. ಒಂದು ದಿನ ಪೂರ್ತಿ ಹಿಡಿಯಿತು. ಅವನು ಜನ್ಮದಲ್ಲಿ ಮಾಡಿದ ಕೆಲಸಗಳಲ್ಲೇ ಅಷ್ಟು ನಾಜೂಕಾದದ್ದು ಇನ್ನೊಂದಿರಲಿಲ್ಲ.

ಅಜ್ಜ ಬಂದರು. ಈ ಸಲ ಕೂರಲಿಲ್ಲ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಆಡಿಸಿದರು. ಎರಡನೆಯ ಸಲವೂ ಆಡಿಸಿದರು.

“ಎಲ್ಲಿತ್ತೋ ತೂತು? ನನಗ ಕಾಣವಲ್ದು.”

“ಮುಚ್ಚೀನ್ರಿ ಅಜ್ಜಾರ.”

“ನಿನಗ ಕಾಣ್ತೈತೇನು?”

ಕಾಳಪ್ಪ ಹಲಗೆ ನೋಡಿದ. ಆ ತೂತು ಬಿಟ್ಟು ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

“ಕಾಣ್ತೈತ್ರಿ.”

“ಹಂಗಾದ್ರ ಮುಚ್ಚಿಲ್ಲ,” ಎಂದು ಅಜ್ಜ ಒಳಗೆ ಹೊರಟರು.

ಕಾಳಪ್ಪ ಓಡಿ ಹೋಗಿ ಅವರ ಕಾಲು ಹಿಡಿದ. ಎಲ್ಲ ಹೇಳಿದ. ಗಂಟು, ಹತ್ತಿ, ರಾಳ, ದಂಡೆಯಲ್ಲಿ ನಿಂತಿದ್ದ ನಾಲ್ಕು ಜನ, ಅವಸರವಿಲ್ಲ ಎಂದ ದುರುಗಪ್ಪ. ಹೇಳುತ್ತ ಹೇಳುತ್ತ ಎಳೆಯ ಕೂಸಿನಂತೆ ಅತ್ತ. ಅಜ್ಜನ ಕಣ್ಣಲ್ಲೂ ನೀರಿತ್ತು.

“ನಿಮಗ ಮೊದಲ ಗೊತ್ತಿತ್ತೇನ್ರಿ?”

“ಏನೋ ಐತಿ ಅಂತ ಗೊತ್ತಿತ್ತು. ಇಷ್ಟು ಐತಿ ಅಂತ ಗೊತ್ತಿದ್ದಿಲ್ಲ.”

“ಏನಾರ ಶಿಕ್ಷಾ ಹೇಳ್ರಿ. ಉಪವಾಸ ಮಾಡ್ತೀನಿ. ನಡಕೊಂತ ಕಾಶಿಗೆ ಹೋಗು ಅಂದ್ರ ಹೋಗ್ತೀನಿ.”

“ಕಾಶಿ ಬಾಳ ದೂರ. ಹುಲಿಗೆವ್ವನ ಮನಿ ಇಲ್ಲೇ ಐತಿ.”

ಕಾಳಪ್ಪ ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

“ಆಕಿ ಒಬ್ಬಾಕಿಗೇ ಹೇಳ್ತೀನ್ರಿ. ಗುಟ್ಟಾಗಿ.”

“ಆಕಿ ಗಂಡನ್ನ ಕುಡುಕ ಅಂದದ್ದು ಗುಟ್ಟಾಗೇನು?”

ಕಾಳಪ್ಪ ಅಜ್ಜನ ಕಾಲು ಬಿಟ್ಟು ಎದ್ದು ನಿಂತ.

“ಹೇಳು ಅನ್ನಂಗಿಲ್ಲ, ಬ್ಯಾಡ ಅನ್ನಂಗೂ ಇಲ್ಲ,” ಎಂದರು ಅಜ್ಜ. “ಬೆಂಚು ಮಾಡು ಅಂದಿದ್ದೆ. ಮಾಡಿದಿ. ಒಯ್ದು ತ್ವಾಟದಾಗ ಇಡು.”

ಮರುದಿನ ಸಂಜೆ ಐದೂ ಬೆಂಚುಗಳು ತೋಟಕ್ಕೆ ಬಂದವು. ಯಾವ ಪೂಜೆಯನ್ನೂ ಅಜ್ಜ ಇಟ್ಟುಕೊಳ್ಳಲಿಲ್ಲ. ಕೆಲಸ ಮುಗಿಸಿದವರು ಕೈಕಾಲು ತೊಳೆದುಕೊಂಡು ಬಂದು ಕೂತರು.

ಮೊದಲು ಕೂತವನು ಫಕೀರಪ್ಪ. ಎಪ್ಪತ್ತರ ಮುದುಕ. ಅವನ ಒಬ್ಬನೇ ಮೊಮ್ಮಗ ಆ ದೋಣಿಯಲ್ಲಿ ಹೋಗಿದ್ದ. ಹಲಗೆಯನ್ನು ಸವರಿ, “ಇದರಾಗ ಕುಂತಿದ್ದನಲ್ಲೋ ನಮ್ಮ ಹುಡುಗ,” ಎಂದ. ಸ್ವಲ್ಪ ಹೊತ್ತಿಗೆ ನಾಲ್ಕು ಬೆಂಚುಗಳು ತುಂಬಿದವು. ಐದನೆಯದರ ಮೇಲೂ ಇಬ್ಬರು ಕೂತರು. ಹಲಗೆ ಕಿರ್ ಎನ್ನಲಿಲ್ಲ.

ಹುಲಿಗೆವ್ವ ಬೇಲಿಯ ಹತ್ತಿರ ಹೊಂಗೆ ಸಸಿಗೆ ನೀರು ಹಾಕುತ್ತಿದ್ದಳು. ಅವಳು ದಿನವೂ ಬರುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ನೀರು ಹೊರುತ್ತಿದ್ದಳು. ಎಲ್ಲರೂ ಹೋದ ಮೇಲೆ ಹೋಗುತ್ತಿದ್ದಳು.

ಅಜ್ಜ ಕಾಳಪ್ಪನ ಕಡೆ ತಿರುಗಿದರು.

“ಆಕಿ ನಿಂತಾಳಲ್ಲೋ. ಕುಂದ್ರು ಅಂತ ಹೇಳಿ ಬಾ.”

ಬೇಲಿಯವರೆಗೆ ಮೂವತ್ತು ಹೆಜ್ಜೆ ಇರಬಹುದು. ಕಾಳಪ್ಪ ನಡೆದ.

“ಹುಲಿಗೆವ್ವಾ, ಬಾರವ್ವ. ಕುಂದ್ರು ಬಾ. ಜಾಗ ಐತಿ.”

ಅವಳು ಸೆರಗು ಸರಿ ಮಾಡಿಕೊಂಡಳು. ಅವನ ಮುಖ ನೋಡಲಿಲ್ಲ.

“ಬ್ಯಾಡಣ್ಣ. ಅಲ್ಲಿ ಕುಂತವರೆಲ್ಲಾ ಮಕ್ಕಳ್ನ ಕಳಕೊಂಡವರು, ತಾಯೀನ ಕಳಕೊಂಡವರು. ನನ್ನ ಗಂಡ ಮಾಡಿದ್ದಕ್ಕ ಅವರು ಸುಮ್ಮನಿದ್ದದ್ದ ದೊಡ್ಡದು. ಅವರ ಮಗ್ಗಲದಾಗ ಯಾ ಮುಖ ಇಟ್ಟುಕೊಂಡು ಕುಂದ್ರಲಿ?”

ಇಷ್ಟು ಹೇಳಿ ಅವಳು ಮತ್ತೆ ನೀರಿಗೆ ಬಗ್ಗಿದಳು.

ಕಾಳಪ್ಪ ತಿರುಗಿ ಬಂದ. ಐದನೇ ಬೆಂಚಿನ ಮೇಲಿದ್ದ ಇಬ್ಬರನ್ನೂ ಏಳಿ ಎಂದ. ಬೆಂಚನ್ನು ಮಗುಚಿದ. ಸೊಂಟದಲ್ಲಿದ್ದ ಸುತ್ತಿಗೆ ತೆಗೆದು ಅಡಿಯಿಂದ ಒಂದೇ ಪೆಟ್ಟು ಹಾಕಿದ. ಅಷ್ಟು ನಾಜೂಕಾಗಿ ಕೂರಿಸಿದ್ದ ತುಂಡು ಕಿತ್ತು ಬಂದು ಮೆಂತ್ಯೆಯ ಪಾತಿಯಲ್ಲಿ ಬಿತ್ತು.

“ಏನಾತೋ ಕಾಳಪ್ಪ?” ಎಂದ ಫಕೀರಪ್ಪ. “ಹುಚ್ಚು ಹಿಡೀತೇನು?”

“ದುರುಗಪ್ಪ ಮುಳುಗಿಸಲಿಲ್ರಿ,” ಎಂದ ಕಾಳಪ್ಪ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ಈ ತೂತಿನಾಗಿಂದ ನೀರು ಬಂತು. ಇಲ್ಲಿ ಗಂಟಿತ್ತು. ಅಲುಗತಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ರಾಳ ಮೆತ್ತಿ ಕೊಟ್ಟೆ.”

ಆ ದೋಣಿಯಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಒಬ್ಬ ಎದ್ದು ಬಂದು ಕಾಳಪ್ಪನ ಕೆನ್ನೆಗೆ ಹೊಡೆದ. ಕಾಳಪ್ಪ ಕೈ ಅಡ್ಡ ಹಿಡಿಯಲಿಲ್ಲ. ಹೊಡೆದವನೇ ಮುಖ ಮುಚ್ಚಿಕೊಂಡು ಅತ್ತ.

ಫಕೀರಪ್ಪ ಕೋಲು ಊರಿಕೊಂಡು ಬಂದು ತೂತನ್ನು ಬಗ್ಗಿ ನೋಡಿದ.

“ಈ ಹಲಗಿ ಬಿಚ್ಚಿ ಬ್ಯಾರೆ ಹಾಕಾಕ ಎಷ್ಟು ದಿನ ಬೇಕಿತ್ತೋ?”

“ಒಂದು ದಿನ್ರಿ.”

“ಒಂದು ದಿನ,” ಎಂದ ಫಕೀರಪ್ಪ. ಊರ ಕಡೆ ನಡೆದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಬೆಂಚುಗಳೆಲ್ಲ ಬರಿದಾದವು.

ಹುಲಿಗೆವ್ವ ಬಂದಳು. ಕೈಯಲ್ಲಿದ್ದ ಕೊಡವನ್ನು ನೆಲಕ್ಕಿಡಲು ಮರೆತಿದ್ದಳು. ತೂತನ್ನು ನೋಡಿದಳು, ಕಾಳಪ್ಪನನ್ನು ನೋಡಿದಳು.

ಅವಳು ಬೈಯಲಿ ಎಂದು ಅವನು ಕಾದ. ಮುಖಕ್ಕೆ ಉಗಿಯಲಿ ಎಂದುಕೊಂಡ. ಉಗಿದಿದ್ದರೆ ಚೆನ್ನಾಗಿತ್ತು.

“ಅವತ್ತು ಮುಂಜಾನೆ ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ದ,” ಎಂದಳು. “ಇನ್ನ ಕುಡಿಯಂಗಿಲ್ಲ, ನಿನ್ನಾಣಿ ಅಂದಿದ್ದ. ಸಂಜಿಗೆ ಹೆಣ ಬಂತು. ಊರವರು ಕುಡಿದಿದ್ದ ಅಂದ್ರು.”

ಕೊಡವನ್ನು ನೆಲಕ್ಕಿಟ್ಟಳು.

“ನಾನೂ ಹಂಗ ಅಂದೆ, ಅಣ್ಣ. ಊರವರಕಿಂತ ಮೊದಲ ನಾನು ಅಂದೆ. ಸತ್ತ ಗಂಡನ್ನ ಮೂರು ವರ್ಷ ಬೈದೆ. ಹಿರಿಯರ ಹಬ್ಬಕ್ಕ ಎಲ್ಲಾರ ಮನ್ಯಾಗ ಸತ್ತವರಿಗೆ ಎಡಿ ಇಡ್ತಾರ. ನಾನು ಅವನಿಗೆ ಒಂದು ತುತ್ತು ಅನ್ನ ಇಡಲಿಲ್ಲ.”

ಅವಳು ಅಳಲಿಲ್ಲ. ಅಳು ಬಂದದ್ದು ಕಾಳಪ್ಪನಿಗೆ. ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದಕ್ಕೆ ಸರಿದಳು.

“ಬ್ಯಾಡ. ನನ್ನ ಕಾಲು ಹಿಡೀಬ್ಯಾಡ. ನಿನ್ನ ಕ್ಷಮಿಸೀನಿ ಅಂತ ಹೇಳಾಕ ನನ್ನ ಕೈಲೆ ಆಗಂಗಿಲ್ಲ. ಮನಿಗೆ ಹೋಗಿ ಅವನ ಎಡಿಗೆ ಅನ್ನಕ್ಕ ಇಡ್ತೀನಿ.”

ಅವಳು ಹೋದಳು. ಸೇತುವೆಯ ಪಕ್ಕದ ಕಾಲುದಾರಿಯಲ್ಲಿ ಅವಳ ಸೀರೆ ಕಾಣುವಷ್ಟು ಹೊತ್ತೂ ಕಾಳಪ್ಪ ನೋಡುತ್ತ ನಿಂತ.

ಅಜ್ಜ ಎದ್ದು ಬಂದು ಮಗುಚಿದ ಬೆಂಚನ್ನು ಎತ್ತಲು ಹೋದರು. ಮುದುಕನ ಕೈ, ಬೆಂಚು ಏಳಲಿಲ್ಲ. ಕಾಳಪ್ಪ ಇನ್ನೊಂದು ತುದಿ ಹಿಡಿದು ನಿಲ್ಲಿಸಿದ. ಇಬ್ಬರೂ ಅದರ ಮೇಲೆ ಕೂತರು. ನಡುವೆ ತೂತು.

“ಅಜ್ಜಾರ, ಹೇಳಿಬಿಟ್ರ ಹಗುರಾಗ್ತೈತಿ ಅಂತ ತಿಳಿದಿದ್ದೆ.”

“ಹ್ಞೂಂ.”

“ಹಗುರಾಗಲಿಲ್ರಿ. ಮೊದಲಿಗಿಂತ ಭಾರ ಆಗೈತಿ. ಏಳಾಕ ಆಗವಲ್ದು. ಇದನ್ನ ಹೆಂಗ ಹೊರ್ಲಿ?”

ಹೊಳೆಯ ಮೇಲೆ ಬೆಳಕು ಕಡಿಮೆಯಾಗುತ್ತಿತ್ತು. ಅಜ್ಜ ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

“ಭಾರ ಹೆಚ್ಚಾಗಿಲ್ಲೋ ತಮ್ಮಾ,” ಎಂದರು. “ಮೂರು ವರ್ಷ ನಿನ್ನ ಭಾರಾನೂ ಆಕಿನೇ ಹೊತ್ತಿದ್ಳು.”